ಆನ್‌ಲೈನ್ ಮಾರುಕಟ್ಟೆ ಇಬೇಯ ಹರಾಜಿನಲ್ಲಿ 20 ಜನ ವಾಚ್ ಮಾಡುತ್ತಿದ್ದಾರೆ, ಬಿಡ್ ಮಾತ್ರ ಒಂದೂ ಇಲ್ಲ. ಯಾಕೆ?

ತುಮಕೂರಿನಿಂದ ಹಳೆಯ ಎಚ್‌ಎಂಟಿ ಗಡಿಯಾರ ಹರಾಜಿಗೆ ಹಾಕಿದ್ದೀರಿ. ಆ 20ನ್ನು ನಂಬಿ ಬೆಲೆ ಲೆಕ್ಕ ಹಾಕಬೇಡಿ.

ಅದು ನಿಮ್ಮ ಮಾಲನ್ನು ವಾಚ್‌ಲಿಸ್ಟಿಗೆ, ಅಂದರೆ ಕಣ್ಣಿಟ್ಟಿರುವ ವಸ್ತುಗಳ ಪಟ್ಟಿಗೆ, ಸೇರಿಸಿಕೊಂಡವರ ಲೆಕ್ಕ. ಸೇರಿಸಲು ಕಾಸು ಬೇಡ, ಕೊಳ್ಳಲೇಬೇಕೆಂಬ ಕಟ್ಟೂ ಇಲ್ಲ. ಅಂಥದ್ದೇ ಮಾಲು ಮಾರುವವರು ನಿಮ್ಮದು ಎಷ್ಟಕ್ಕೆ ಹೋಯಿತೆಂದು ತಿಳಿಯಲು ಸೇರಿಸುತ್ತಾರೆ. ಕೆಲವರು ಸೇರಿಸಿ ಮರೆತೇಬಿಡುತ್ತಾರೆ. ನಿಜವಾಗಿ ಕೊಳ್ಳುವವರೂ ಇರುತ್ತಾರೆ, ಆದರೆ ಮುಗಿಯುವ ಸಮಯ ಮೊದಲೇ ಗೊತ್ತಿರುವುದರಿಂದ ಅವರಲ್ಲಿ ಅನೇಕರು ಕೊನೆಯ ಸೆಕೆಂಡುಗಳಲ್ಲಷ್ಟೇ ಬಿಡ್ ಹಾಕುತ್ತಾರೆ. ಮುಗಿಯುವ ಮುನ್ನವೇ ಗಾಬರಿಯಾಗಿ ಹರಾಜು ರದ್ದು ಮಾಡುವುದು ದೊಡ್ಡ ತಪ್ಪು.

ಬೆಲೆಗೆ ನಂಬಬೇಕಾದ್ದು ಮಾರಾಟ ಮುಗಿದ ಪಟ್ಟಿಯನ್ನು. ಫಿಲ್ಟರ್ ಹಾಕಿ, ಅದೇ ಮಾದರಿ, ಅದೇ ಸ್ಥಿತಿಯದ್ದು ಎಷ್ಟಕ್ಕೆ ಹೋಗಿದೆ ನೋಡಿ.

ಇಷ್ಟು ಜನ ನೋಡಿಯೂ ಬಿಡ್ ಇಲ್ಲದೆ ಮುಗಿದರೆ ಆರಂಭಿಕ ಬೆಲೆಯನ್ನೋ ಸಾಗಣೆ ವೆಚ್ಚವನ್ನೋ ಮೊದಲು ಅನುಮಾನಿಸಿ. ಡಯಲ್‌ಗೆ ಮರುಬಣ್ಣ ಬಳಿದ ಎಚ್‌ಎಂಟಿಗಳು ಓಡಾಡುವುದರಿಂದ ಬಲ್ಲವರು ಹಿಂಜರಿಯುತ್ತಾರೆ. ಡಯಲ್‌ನ ಹತ್ತಿರದ ಫೋಟೊ, ಹಿಂಬದಿ ಮುಚ್ಚಳ ತೆಗೆದ ಫೋಟೊ ಎರಡೂ ಹಾಕಿ. ಗಟ್ಟಿ ಗಿರಾಕಿ ಇಬ್ಬರಿದ್ದರೆ ಸಾಕು, ಬೆಲೆ ನಿಲ್ಲುವುದು ಎರಡನೆಯವರ ಮಿತಿಗಿಂತ ಒಂದು ಹೆಜ್ಜೆ ಮೇಲೆ: ಒಬ್ಬರ ಗರಿಷ್ಠ 60 ಡಾಲರ್, ಇನ್ನೊಬ್ಬರದು 45 ಆದರೆ, 46ಕ್ಕೆ ಮುಗಿಯುತ್ತದೆ.