90ರ ದಶಕದ ಹಿಪ್‌ಹಾಪ್ ಕೇಳಿ ಬೆಳೆದವನು ನಾನು. ಈಗಿನದರಲ್ಲಿ ಗುಣಮಟ್ಟವೂ ಇಲ್ಲ, ಹೊಸತನವೂ ಇಲ್ಲ, ಮೂರನೇ ಚರಣವಂತೂ ಮಾಯವೇ ಆಗಿದೆ ಅನ್ನಿಸುತ್ತಿದೆ. ಹಿಪ್‌ಹಾಪ್ ಕುಸಿದಿದೆಯೇ? ತಮ್ಮ ಕಳಿಸುವ ಹಾಡುಗಳನ್ನು ತೆರೆದು ನೋಡಲೂ ಮನಸ್ಸಿಲ್ಲ. ಕೇಳುವುದನ್ನೇ ಬಿಟ್ಟುಬಿಡಲಾ?

ಈ ಪ್ರಶ್ನೆಯನ್ನು ನಾನೇ ಹಾಕಿದ್ದೆನೇನೋ ಅನ್ನಿಸಿತು. "ಒಳಗೆ ಏನೂ ಇಲ್ಲ, ಹಿಪ್‌ಹಾಪ್ ಮುಗೀತು" ಅಂತ 2015ರಲ್ಲಿ ನಾನೂ ಒಬ್ಬನಿಗೆ ಬರೆದು ಕಳಿಸಿದ್ದೆ. ಆಗ ಕಳೆದುಕೊಂಡದ್ದು ಇವತ್ತಿಗೂ ವಾಪಸ್ ಸಿಕ್ಕಿಲ್ಲ.

ನಾನು ಸಾಲು ಬರೆಯುವವನು, ಅವನು ಬೀಟ್, ಅಂದರೆ ಸಾಲುಗಳ ಹಿಂದಿನ ಸಂಗೀತ, ಮಾಡುವವನು. ಇಬ್ಬರಿಗೂ ಹುಚ್ಚು ಹಿಡಿಸಿದ್ದು ಒಂದೇ ಕಾಲದ ಹಾಡುಗಳು. ಸಾಲಿನ ತುದಿಯಲ್ಲಿ ಕೂತಿದ್ದ ಪ್ರಾಸವನ್ನು 1987ರಲ್ಲಿ ಸಾಲಿನ ಹೊಟ್ಟೆಯೊಳಕ್ಕೆ ಎಳೆದು ತಂದ ರ‍್ಯಾಪರ್ ರಾಕಿಮ್‌ನಿಂದ ಹಿಡಿದು, 1994ರ ನಾಸ್‌ನ 'ಇಲ್‌ಮ್ಯಾಟಿಕ್' ಆಲ್ಬಮ್‌ವರೆಗೆ. ನನ್ನ ಪಾಲಿಗೆ ಹಿಪ್‌ಹಾಪ್ ಅಂದರೆ ಪದ. ಬೀಟು ಅಂದರೆ ಪದ ಬಂದು ಕೂರಲಿಕ್ಕೆ ಹಾಸಿದ ಚಾಪೆ, ಅಷ್ಟೇ.

ಒಂದು ದಿನ ಅವನು ಫೈಲ್ ಕಳಿಸಿದ. "ಬೇರೆ ಥರ ಮಾಡಿದ್ದೀನಿ, ಕೇಳಿ ಹೇಳೋ" ಅಂದ. ಹಾಕಿ ಕೇಳಿದೆ. ಹಳೇ ಜಾಝ್ ರೆಕಾರ್ಡಿನ ತುಣುಕಿಲ್ಲ, ಪಿಯಾನೋ ಇಲ್ಲ. ಚಿಟಿಚಿಟಿ ಹೈ-ಹ್ಯಾಟ್, ಒಂದು ಚಪ್ಪಾಳೆ, ಗಂಟೆಯಂಥ ಎರಡು ಸ್ವರ. ಮಿಕ್ಕಿದ್ದೆಲ್ಲ ಖಾಲಿ. ಕೂತು ಉದ್ದಕ್ಕೆ ಬರೆದೆ: ನೀನೂ ಅಟ್ಲಾಂಟಾ ಹುಡುಗರ ಹಿಂದೆ ಹೋದೆ, ಇದರಲ್ಲಿ ಸಂಗೀತವೇ ಇಲ್ಲ, ಇಂಥದ್ದರ ಮೇಲೆ ನಾನು ಬರೆಯುವುದಿಲ್ಲ. ಅವನಿಂದ ಬಂದದ್ದು ಎರಡೇ ಪದ. "ಸರಿ ಕಣೋ." ಆಮೇಲೆ ಅವನು ಯಾವತ್ತೂ ಫೈಲ್ ಕಳಿಸಲಿಲ್ಲ.

ನಾನು ಮಾಡಿದ ತಪ್ಪನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ನೀವೂ ಅದನ್ನೇ ಮಾಡುತ್ತಿರಬಹುದು. ನಾನದನ್ನು ಕೇಳಿದ್ದು ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ.

ಟ್ರ್ಯಾಪ್ ಅನ್ನುವ ಆ ಅಟ್ಲಾಂಟಾ ಶೈಲಿಯ ಬೀಟಿನಲ್ಲಿ 808 ಅಂತಾರಲ್ಲ, ಅದು ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಡ್ರಮ್ ಯಂತ್ರದಿಂದ ಬಂದ ಹೆಸರು. ಅದರ ಬೇಸ್ ಡ್ರಮ್ಮಿಗೆ ಒಂದು ತಿರುಗುಗುಂಡಿ ಇತ್ತು. ತಿರುಗಿಸಿದಷ್ಟೂ ಪೆಟ್ಟಿನ ನಾದ ಉದ್ದಕ್ಕೆ ಎಳೆಯುತ್ತಿತ್ತು. ಅಸಲಿ ಡ್ರಮ್ಮಿನಂತೆ ಕೇಳಿಸುವುದಿಲ್ಲ ಅಂತ ಆಗ ಬೈದವರೇ ಹೆಚ್ಚು, 1983ರ ಹೊತ್ತಿಗೆ ತಯಾರಿಕೆಯೂ ನಿಂತಿತು. ಆದರೆ ಮಯಾಮಿ, ಮೆಂಫಿಸ್, ಅಟ್ಲಾಂಟಾದವರು ಆ ಎಳೆಯುವ ನಾದವನ್ನು ಬಿಡಲಿಲ್ಲ. ಅದಕ್ಕೆ ಶ್ರುತಿ ಕೂಡಿಸಿದರು. ಈಗ ಡ್ರಮ್ಮೂ ಅದೇ, ಬೇಸ್ ಗಿಟಾರೂ ಅದೇ, ಎಷ್ಟೋ ಹಾಡಿನಲ್ಲಿ ರಾಗವನ್ನು ಹೊರುವುದೂ ಅದೇ. ಅದು ಓಡಾಡುವುದು ಮಂದ್ರಕ್ಕೂ ತಳದಲ್ಲಿ, ಸುಮಾರು 50 ಹರ್ಟ್ಸ್ ಆಸುಪಾಸು. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರು 200 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚುಕಮ್ಮಿ ನುಂಗಿಹಾಕುತ್ತದೆ. (ಸಣ್ಣ ಸ್ಪೀಕರಿನಲ್ಲೂ ಕೇಳಲಿ ಅಂತ ಕೆಲವರು 808ಕ್ಕೆ ಸ್ವಲ್ಪ ಡಿಸ್ಟಾರ್ಷನ್, ಅಂದರೆ ಒರಟು ಗರಗರ, ಬೆರೆಸುತ್ತಾರೆ. ಅವನು ಬೆರೆಸಿರಲಿಲ್ಲ.) ನನ್ನ ಕಿವಿಗೆ ಬಿದ್ದದ್ದು ಸಿಪ್ಪೆ ಮಾತ್ರ. ನಾವು ಮೆಚ್ಚುವ ಹಳೇ ಶೈಲಿಯ ಬೂಮ್-ಬ್ಯಾಪ್‌ನಲ್ಲಿ ಸ್ನೇರ್, ಪಿಯಾನೋ, ಹಾರ್ನ್ ಎಲ್ಲ ನಡುವಿನ ಸ್ಥಾಯಿಯಲ್ಲಿರುತ್ತವೆ, ಎಂಥ ಡಬ್ಬಾ ಸ್ಪೀಕರಿನಲ್ಲೂ ಬದುಕಿಕೊಳ್ಳುತ್ತವೆ. ಒಂದನ್ನು ಪೂರ್ತಿ ಕೇಳಿ, ಇನ್ನೊಂದನ್ನು ಅರ್ಧ ಕೇಳಿ, ನಾನು ತೀರ್ಪು ಕೊಟ್ಟಿದ್ದೆ.

2019ರಲ್ಲಿ ಹಳೇ ಫೈಲ್‌ಗಳನ್ನು ಹೊಸ ಡಿಸ್ಕಿಗೆ ಹಾಕುವಾಗ ಅದು ಕಣ್ಣಿಗೆ ಬಿತ್ತು. ಕಿವಿಗೆ ಒಳ್ಳೆಯ ಹೆಡ್‌ಫೋನ್ ಇತ್ತು. ಖಾಲಿ ಅಂದುಕೊಂಡಿದ್ದ ಜಾಗದಲ್ಲೆಲ್ಲ ಯಾರೋ ಓಡಾಡುತ್ತಿದ್ದರು. ನನಗೊಂದು ಚಾಳಿ ಇದೆ: ನಾಲ್ಕನೇ ಬಾರ್ (ತಾಳದ ಒಂದು ಸುತ್ತು) ಮುಗಿಯುವಾಗ ತಾಳದ ಅರ್ಧ ಪೆಟ್ಟು ಮೊದಲೇ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತೇನೆ. ಸರಿಯಾಗಿ ಅಲ್ಲೇ 808 ಒಂದು ಸ್ವರದಿಂದ ಅದರ ಕೆಳಗಿನದಕ್ಕೆ ಜಾರುತ್ತಿತ್ತು. ಎಂಟನೇ ಬಾರಿನಲ್ಲೂ ಹಾಗೇ. ಹನ್ನೆರಡರಲ್ಲೂ. ಹಿಂದೆ ಯಾವಾಗಲೋ ನಾನು ಕಳಿಸಿದ್ದ ಹದಿನಾರು ಸಾಲನ್ನು ಇಟ್ಟುಕೊಂಡು, ನನ್ನ ಉಸಿರಿಗೆ ಜಾಗ ಬಿಟ್ಟು ಆ ಬೀಟ್ ಕಟ್ಟಿದ್ದ.

ಅವತ್ತೇ ಫೋನ್ ಮಾಡಿದೆ. ಚೆನ್ನಾಗಿಯೇ ಮಾತಾಡಿದ. ಬೀಟ್ ಮಾಡುವುದನ್ನು ಬಿಟ್ಟು ಮೂರು ವರ್ಷವಾಗಿತ್ತಂತೆ.

ಈಗ ನಿಮ್ಮ ಪ್ರಶ್ನೆಗೆ. "ಕುಸಿದಿದೆಯೇ" ಅನ್ನುವ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ನೀವು ಪದಕ್ಕೆ ಕಿವಿ ಕೊಟ್ಟು ಕಾಯುತ್ತಿದ್ದೀರಿ, ಕೆಲಸ ಬೇರೆ ಕಡೆ ನಡೆಯುತ್ತಿದೆ. ಮಿಗೋಸ್ ಅನ್ನುವ ರ‍್ಯಾಪ್ ತಂಡ 2013ರಲ್ಲಿ ಮನೆಮಾತು ಮಾಡಿದ, ಪದಗಳನ್ನು ಮೂರು ಮೂರಾಗಿ ಓಡಿಸುವ ಓಟ ನಮ್ಮ ಲೆಕ್ಕದಲ್ಲಿ ಶುದ್ಧ ತಿಶ್ರ ನಡೆ, ಮೆಂಫಿಸ್‌ನವರು 90ರ ದಶಕದಲ್ಲೇ ಆಡುತ್ತಿದ್ದದ್ದು. ಕಾಗದದ ಮೇಲೆ ಓದಿದರೆ ಪೊಳ್ಳು, ಬಾಯಲ್ಲಿ ಬಂದರೆ ಮೃದಂಗ. ನಾನು ಸಾಲುಗಳನ್ನು ಹುಡುಕಿ ಓದಿ ನಗುತ್ತಿದ್ದೆ. ತಕಧಿಮಿ ಅಂತ ಬಾಯಲ್ಲಿ ನುಡಿಸುವ ಕೊನ್ನಕ್ಕೋಲನ್ನು ಬರೆದಿಟ್ಟು ಅರ್ಥ ಹುಡುಕಿದ ಹಾಗೆ.

ನಿಜಕ್ಕೂ ಕಡಿಮೆಯಾದದ್ದೂ ಇದೆ, ಅದಕ್ಕೆ ಪ್ರತಿಭೆ ಕಾರಣವಲ್ಲ. ಒಂದೇ ಹಾಡಿನಲ್ಲಿ ಹತ್ತಾರು ರೆಕಾರ್ಡುಗಳ ಚೂರು ಹೆಣೆಯುತ್ತಿದ್ದ ಕಲೆಗೆ ಪೆಟ್ಟು ಬಿದ್ದದ್ದು 1991ರಲ್ಲಿ. ಬಿಜ್ ಮಾರ್ಕಿ ಅನ್ನುವ ರ‍್ಯಾಪರ್ ವಿರುದ್ಧ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ತೀರ್ಪು ಕೊಟ್ಟ ಮೇಲೆ ಒಂದೊಂದು ಚೂರಿಗೂ ಅನುಮತಿ, ಒಂದೊಂದಕ್ಕೂ ದುಡ್ಡು. ರ‍್ಯಾಪ್ ತಂಡ ಡಿ ಲಾ ಸೋಲ್‌ನ 1989ರ ಮೊದಲ ಆಲ್ಬಮ್ ಇಂಥದೇ ತೊಡಕಿನಿಂದ ಸ್ಟ್ರೀಮಿಂಗ್‌ಗೆ ಬಂದದ್ದು 2023ರಲ್ಲಿ. ಇನ್ನು ಮೂರನೇ ಚರಣ ಮಾಯವಾಗಿದೆ ಅನ್ನುವ ನಿಮ್ಮ ಸಂಕಟ ನನ್ನದೂ ಹೌದು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ, ಹಾಡು ಎರಡು ನಿಮಿಷದ್ದಾದರೂ ಅಷ್ಟೇ, ಐದು ನಿಮಿಷದ್ದಾದರೂ ಅಷ್ಟೇ. ಉದ್ದ ಬರೆದವನಿಗೆ ನಷ್ಟ.

90ರ ದಶಕವೂ ಪೂರ್ತಿ ಚಿನ್ನವಾಗಿರಲಿಲ್ಲ. ಬಿಲ್‌ಬೋರ್ಡ್ ಹಾಟ್ 100ರ ತುದಿಗೇರಿದ ಮೊದಲ ರ‍್ಯಾಪ್ ಹಾಡು 1990ರಲ್ಲಿ ಬಂದ ವೆನಿಲ್ಲಾ ಐಸ್‌ನದು. 'ಇಲ್‌ಮ್ಯಾಟಿಕ್' ಐದು ಲಕ್ಷ ಪ್ರತಿಗಳ ಗಡಿ ಮುಟ್ಟಲು 1996 ಬರಬೇಕಾಯಿತು. ಅದೇ ನಾಸ್ 2006ರಲ್ಲೇ ಹಿಪ್‌ಹಾಪ್ ಸತ್ತಿದೆ ಅಂತ ಆಲ್ಬಮ್ಮಿಗೆ ಹೆಸರಿಟ್ಟ. ಆಮೇಲೆ ಬಂದ ಕೆಂಡ್ರಿಕ್ ಲಮಾರ್‌ಗೆ 2018ರಲ್ಲಿ ಸಂಗೀತದ ಪುಲಿಟ್ಜರ್ ಸಿಕ್ಕಿತು.

ಪದವೇ ಬೇಕು ಅಂದರೆ 'ಕಾ' ಅನ್ನುವ ರ‍್ಯಾಪರ್ ಹಾಡುಗಳನ್ನು ಕೇಳಿ. ನ್ಯೂಯಾರ್ಕ್ ಅಗ್ನಿಶಾಮಕ ದಳದಲ್ಲಿ ಕ್ಯಾಪ್ಟನ್ ಆಗಿದ್ದವರು. ಡ್ರಮ್ಮೇ ಇಲ್ಲದಂಥ ಬೀಟುಗಳ ಮೇಲೆ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾದೀತು ಅನ್ನುವ ಹಾಗೆ ಮೆಲ್ಲಗೆ ಹೇಳುತ್ತಾ ಹೋಗುತ್ತಾರೆ. 2024ರಲ್ಲಿ ತೀರಿಕೊಂಡರು, ಕೊನೆಯ ಆಲ್ಬಮ್ ಬಂದದ್ದೂ ಅದೇ ವರ್ಷ.

ಆದರೆ ಅದಕ್ಕೂ ಮೊದಲು, ತಮ್ಮ ಕಳಿಸಿದ್ದನ್ನು ತೆರೆಯಿರಿ. ಹೆಡ್‌ಫೋನ್ ಹಾಕಿಕೊಳ್ಳಿ, ಸಾಹಿತ್ಯ ಹುಡುಕಿ ಓದಬೇಡಿ, ಮೂರು ಸಲ ಕೇಳಿ. ಮೂರನೇ ಸಲವೂ ಹಿಡಿಸದಿದ್ದರೆ, ಹಿಡಿಸದ ಜಾಗ ಯಾವುದು ಅಂತ ನಿಮಿಷ, ಸೆಕೆಂಡ್ ಸಮೇತ ಅವನಿಗೆ ಬರೆಯಿರಿ.