ಓದುಗರ ಪ್ರಶ್ನೆ: ರೇಷ್ಮೆ ಪಟ್ಟಿಯಲ್ಲಿದ್ದ ಔಷಧ ಎಲ್ಲಿ ಹೋಯಿತು?

ಪ್ರಶ್ನೆ: ರೇಷ್ಮೆ ಫೈಬ್ರಾಯಿನ್‌ಗೆ (ರೇಷ್ಮೆ ನಾರಿನ ಪ್ರೋಟೀನು) ಪಿಇಒ (ನೀರಿನಲ್ಲಿ ಕರಗುವ ಪಾಲಿಮರ್) ಮತ್ತು ಸೋಂಕು ತಡೆಯುವ ಔಷಧ ಸಿಪ್ರೊಫ್ಲಾಕ್ಸಾಸಿನ್ ಹೈಡ್ರೋಕ್ಲೋರೈಡ್ ಬೆರೆಸಿ, ಎಲೆಕ್ಟ್ರೋಸ್ಪಿನ್ನಿಂಗ್‌ನಿಂದ (ವಿದ್ಯುತ್ ಬಲದಿಂದ ನ್ಯಾನೊ ನಾರು ಎಳೆಯುವ ವಿಧಾನ) ಗಾಯದ ಪಟ್ಟಿ ಮಾಡುತ್ತಿದ್ದೇನೆ. ಒಮ್ಮೆ ದ್ರಾವಣವೇ ಹೆಪ್ಪುಗಟ್ಟಿತು. ಇನ್ನೊಮ್ಮೆ ನಾರಿನ ತುಂಬ ಮಣಿಗಳು. ಚೆನ್ನಾಗಿ ಬಂದ ಪಟ್ಟಿಯನ್ನು, ನೀರಿನಲ್ಲಿ ಕರಗದಂತಾಗಲಿ ಎಂದು 90% ಮೆಥನಾಲಿನಲ್ಲಿ 10 ನಿಮಿಷ ಅದ್ದಿದ ಮೇಲೆ ನೋಡಿದರೆ ಅರ್ಧ ಔಷಧ ಲೆಕ್ಕಕ್ಕೆ ಸಿಗುತ್ತಿಲ್ಲ. ಉಳಿದದ್ದೂ ಎರಡೇ ಗಂಟೆಯಲ್ಲಿ ಹೊರಬರುತ್ತದೆ.
– ಎಂ.ಫಾರ್ಮ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೆಪ್ಪುಗಟ್ಟಿಸಿದ್ದು ನಿಮ್ಮ ಔಷಧವೇ. ಹೈಡ್ರೋಕ್ಲೋರೈಡ್ ಲವಣ ನೀರನ್ನು ಹುಳಿಯಾಗಿಸುತ್ತದೆ. ಪಿಎಚ್ 4ರ ಹತ್ತಿರಕ್ಕೆ ಇಳಿದರೆ ಫೈಬ್ರಾಯಿನ್ ಮೊಸರಿನಂತೆ ಗಟ್ಟಿಯಾಗುತ್ತದೆ. ಔಷಧವನ್ನು ಬೇರೆಯಾಗಿ ಸ್ವಲ್ಪ ನೀರಿನಲ್ಲಿ ಕರಗಿಸಿ, ಹನಿಹನಿಯಾಗಿ ಬೆರೆಸಿ. ಪಿಎಚ್ 6ರ ಸುತ್ತ ನಿಲ್ಲಲಿ. 7ಕ್ಕೆ ಏರಿಸಿದರೆ ಔಷಧವೇ ಪುಡಿಯಾಗಿ ಬೇರ್ಪಡುತ್ತದೆ. ಆದ್ದರಿಂದ ಫೈಬ್ರಾಯಿನ್ ತೂಕದ 1ರಿಂದ 2 ಶೇಕಡಾ ಔಷಧಕ್ಕೇ ತೃಪ್ತಿಪಡಿ. ರಭಸವಾಗಿ ಕಲಕಬೇಡಿ, ಅದರಿಂದಲೂ ಫೈಬ್ರಾಯಿನ್ ಹೆಪ್ಪಾಗುತ್ತದೆ.

ಮಣಿಗಳಿಗೆ ಕಾರಣವನ್ನು ಗೂಡು ಕುದಿಸುವಲ್ಲೇ ಹುಡುಕಿ. ಹುಳು ತೆಗೆದು ಕತ್ತರಿಸಿದ 5 ಗ್ರಾಂ ಗೂಡಿಗೆ 2 ಲೀಟರ್ ನೀರು, 4.24 ಗ್ರಾಂ ಸೋಡಿಯಂ ಕಾರ್ಬೊನೇಟ್, 30 ನಿಮಿಷ ಕುದಿ. ತೊಳೆದು ಒಣಗಿಸಿದಾಗ ಸುಮಾರು 3.6 ಗ್ರಾಂ ಉಳಿದರೆ ರೇಷ್ಮೆ ಎಳೆಯ ಮೇಲಿನ ಅಂಟು ಸರಿಯಾಗಿ ಹೋಗಿದೆ ಎಂದರ್ಥ. ಇನ್ನಷ್ಟು ಬಿಳಿಯಾಗಲಿ ಎಂದು ಒಂದು ಗಂಟೆ ಕುದಿಸಿದರೆ ಪ್ರೋಟೀನಿನ ಸರಪಳಿ ತುಂಡಾಗಿ ದ್ರಾವಣ ನೀರಾಗುತ್ತದೆ. ಸೂಜಿಯಿಂದ ಹೊರಟ ಎಳೆ ನಡುನಡುವೆ ಗುಂಡಗಾಗುತ್ತದೆ. (ಮಾರುಕಟ್ಟೆಯಲ್ಲಿ ಮೊದಲ ದರ್ಜೆಯ ಗೂಡಿಗೆ ದುಡ್ಡು ಸುರಿಯಬೇಡಿ. ನೂಲು ಬಿಚ್ಚಲು ಬಾರದ ತೂತುಗೂಡೂ ಆದೀತು, ಒಳಗೆ ಕಲೆ ಇರಬಾರದು ಅಷ್ಟೆ.) ಮಳೆಗಾಲದಲ್ಲಿ ಇನ್ನೊಂದು ಕಾಟ: ತೇವಾಂಶ 50% ದಾಟಿದರೆ ಎಳೆ ಒಣಗದೆ, ಅದನ್ನು ಹಿಡಿಯುವ ಫಾಯಿಲಿಗೆ ಬಿದ್ದು ಹರಡುತ್ತದೆ. 12–15 ಕಿಲೋವೋಲ್ಟ್, ಸೂಜಿಗೂ ಫಾಯಿಲಿಗೂ 15–20 ಸೆಂ.ಮೀ. ದೂರದಿಂದ ಆರಂಭಿಸಿ.

ಕಾಣೆಯಾದ ಅರ್ಧ ಇರುವುದು ಬಹುಶಃ ಮೆಥನಾಲಿನಲ್ಲಿ. ಅದ್ದಿ ತೆಗೆದ ದ್ರವವನ್ನು ಚೆಲ್ಲದೆ, 277 ನ್ಯಾನೊಮೀಟರ್ ತರಂಗದ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಓದಿ, ಗೊತ್ತಾಗುತ್ತದೆ. ಆದರೆ ಫೈಬ್ರಾಯಿನಿನ ಟೈರೋಸಿನ್ ಕೂಡ 275ರ ಸುತ್ತಲೇ ಬೆಳಕು ಹೀರುತ್ತದೆ. ಔಷಧವಿಲ್ಲದ ಪಟ್ಟಿಯನ್ನೂ ಅದೇ ರೀತಿ ಅದ್ದಿ, ಆ ಓದನ್ನು ಕಳೆಯದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಮೆಥನಾಲಿನ ಬದಲು ನಿರ್ವಾತ ಡೆಸಿಕೇಟರಿನ (ಗಾಳಿ ತೆಗೆದು ಮುಚ್ಚುವ ಪಾತ್ರೆ) ತಳದಲ್ಲಿ ನೀರಿಟ್ಟು, ಮೇಲೆ ಪಟ್ಟಿಯನ್ನು ಅಂಚು ಸುರುಳಿಯಾಗದಂತೆ ಕ್ಲಿಪ್ ಹಾಕಿ 24 ಗಂಟೆ ಬಿಡಿ. ಪಟ್ಟಿ ಒದ್ದೆಯಾಗದೆಯೇ, ರೇಷ್ಮೆಯನ್ನು ನೀರಿನಲ್ಲಿ ಕರಗದಂತೆ ಮಾಡುವ ಬೀಟಾ ರಚನೆ ಬರುತ್ತದೆ. ಪಿಇಒ ಜಾಸ್ತಿಯಿದ್ದರೆ ನಾರುಗಳು ಒಂದಕ್ಕೊಂದು ಅಂಟುತ್ತವೆ, ರೇಷ್ಮೆ–ಪಿಇಒ 4:1ರಲ್ಲಿರಲಿ.

ಎರಡು ಗಂಟೆಯ ಧಾವಂತಕ್ಕೂ ಪಿಇಒ ಪಾಲುದಾರ: ನೀರು ತಾಗಿದೊಡನೆ ಕರಗಿ, ಜೊತೆಗೆ ಔಷಧವನ್ನೂ ಎಳೆದೊಯ್ಯುತ್ತದೆ. ನಾರಿನ ಮೈಮೇಲೆ ಕೂತ ಔಷಧಕ್ಕಂತೂ ತಡೆಯೇ ಇಲ್ಲ. ಒಂದರೊಳಗೊಂದು ಸೂಜಿಯಿಟ್ಟು, ಒಳಗಡೆ ಔಷಧ, ಹೊರಗಡೆ ಔಷಧವಿಲ್ಲದ ರೇಷ್ಮೆ ಹರಿಸಿ. ಮೊದಲ ದಿನ ಒಮ್ಮೆಲೇ ಹೊರಬರುವ ಔಷಧವನ್ನು ಪೂರ್ತಿ ತಡೆಯಲು ಹೋಗಬೇಡಿ. ಸೋಂಕು ತಡೆಯಲು ಆರಂಭದಲ್ಲಿ ಒಂದಿಷ್ಟು ಬೇಕೇ ಬೇಕು.

ಪ್ರಶ್ನೆ: ಸಕ್ಕರೆ ಕಾಯಿಲೆಯ ನಮ್ಮ ತಂದೆಯವರಿಗೆ ಕಬ್ಬು ಕಡಿಯುವಾಗ ಮಚ್ಚು ತಾಗಿ, ಪಾದದ ಗಾಯ ಮೂರು ವಾರವಾದರೂ ಮಾಗಿಲ್ಲ. ಇಂಥ ನ್ಯಾನೊ ಪಟ್ಟಿ ತರಿಸಿ ಹಾಕಬಹುದೇ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ಪಟ್ಟಿ ಹುಡುಕುತ್ತಾ ದಿನ ಕಳೆಯಬೇಡಿ. ಸತ್ತ ಮಾಂಸ ತೆಗೆದು ಶುದ್ಧವಾದ ಗಾಯದ ಮೇಲಷ್ಟೇ ಯಾವ ಪಟ್ಟಿಯಾದರೂ ಕೆಲಸ ಮಾಡುತ್ತದೆ. ಅದರ ಔಷಧ ಮೂಳೆಯ ಸೋಂಕಿಗೆ ಸಾಲದು. ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಸರ್ಜರಿ ವಿಭಾಗದಲ್ಲಿ ಪಾದದ ನಾಡಿ, ಸ್ಪರ್ಶಜ್ಞಾನ ನೋಡಿಸಿ, ಎಕ್ಸ್‌ರೇ ಬೇಕೇ ಕೇಳಿ. ದುರ್ವಾಸನೆ, ಕಪ್ಪುಬಣ್ಣ, ಜ್ವರ ಇದ್ದರೆ ಇವತ್ತೇ ಹೊರಡಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಆ ಕಾಲಿಗೆ ಭಾರ ಬೀಳದಂತೆ ಕರೆದೊಯ್ಯಿರಿ, ಸಕ್ಕರೆ ಪರೀಕ್ಷೆಯ ಹಳೇ ರಿಪೋರ್ಟುಗಳೂ ಜೊತೆಗಿರಲಿ.