ಇಡೀ ರಾತ್ರಿಯ ಆಟಕ್ಕೆ ಹಣ ಕೊಡುವವರು ಯಾರು?

ನಿಮ್ಮ ಪ್ರಶ್ನೆ ಹೀಗಿದೆ: “ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಸೃಜನಶೀಲ ಆರ್ಥಿಕತೆ (ಕಲೆ, ಕಲ್ಪನೆಗಳಿಂದ ಆದಾಯ ಹುಟ್ಟುವ ವ್ಯವಸ್ಥೆ) ಎಂಬ ಮಾತನ್ನು ತರಗತಿಯಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ನಮ್ಮ ಸಾಂಪ್ರದಾಯಿಕ ಕಲೆಗಳು ಮಾರುಕಟ್ಟೆಗೆ ಬಂದರೆ ಉಳಿಯುತ್ತವೆಯೇ, ಕೆಡುತ್ತವೆಯೇ? ಒಂದು ಉದಾಹರಣೆ ಹಿಡಿದು ಯಾರಾದರೂ ವಿವರಿಸುತ್ತೀರಾ?”

ಯಕ್ಷಗಾನವನ್ನು ಹಿಡಿದು ಹೇಳುತ್ತೇನೆ. ನಾನು ಕರಾವಳಿಯವನು. ಬ್ಯಾಂಕಿನಲ್ಲಿದ್ದು ನಿವೃತ್ತನಾಗಿದ್ದೇನೆ, ಹವ್ಯಾಸಿ ಸಂಘವೊಂದರಲ್ಲಿ ಮದ್ದಳೆ ನುಡಿಸುತ್ತೇನೆ, ಊರಿನ ಆಟಗಳ (ಯಕ್ಷಗಾನ ಪ್ರದರ್ಶನಕ್ಕೆ ನಾವು ಆಟ ಎನ್ನುತ್ತೇವೆ) ಜಮಾ-ಖರ್ಚನ್ನು ಬಹಳ ವರ್ಷ ಬರೆದಿದ್ದೇನೆ. ಹಾಗಾಗಿ ರಂಗಸ್ಥಳದ ಜೊತೆಗೆ ಲೆಕ್ಕದ ಪುಸ್ತಕವನ್ನೂ ಬಲ್ಲೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಲೆಗೆ ಹಣ ಬಂತೇ ಇಲ್ಲವೇ ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬಂದ ಹಣ ಏನನ್ನು ಕೊಳ್ಳುತ್ತಿದೆ, ಇನ್ನೂ ಕಲಿಯುತ್ತಿರುವವನಿಗೆ ಅದರಲ್ಲಿ ಪಾಲಿದೆಯೇ ಎಂದು ನೋಡಬೇಕು.

ನಮ್ಮಲ್ಲಿ ಹರಕೆಯಾಟ ಎಂಬ ಪದ್ಧತಿ ಇದೆ. ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ನಡೆಯುವುದೇ ಇದರಿಂದ. ಮಗುವಾದರೆ, ಕಾಯಿಲೆ ವಾಸಿಯಾದರೆ, ಹೊಸ ಮನೆ ಕಟ್ಟಿದರೆ ಒಂದು ಆಟ ಆಡಿಸುತ್ತೇವೆ ಎಂದು ಹರಕೆ ಹೊತ್ತವರು ಕ್ಷೇತ್ರಕ್ಕೆ ನಿಗದಿಯಾದ ಮೊತ್ತ ಕಟ್ಟುತ್ತಾರೆ, ಚಪ್ಪರ, ದೀಪ, ಊಟದ ಖರ್ಚನ್ನೂ ಹೊರುತ್ತಾರೆ. ನೋಡುವವರಿಗೆ ಟಿಕೆಟ್ ಇಲ್ಲ. ಕಟೀಲಿನಿಂದ ಹಲವು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಡುತ್ತವೆ. ಆದರೂ ಹರಕೆ ಹೊತ್ತವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯಬೇಕು. ನಿಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ, ಬೇಡಿಕೆ ಪೂರೈಕೆಗಿಂತ ಬಹಳ ಮುಂದಿದೆ.

ಈ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಆಧುನಿಕ ಆರ್ಥಿಕತೆ ನೇರವಾಗಿ ಎದುರಿಗೆ ಬಂದು ನಿಲ್ಲುತ್ತದೆ. ಮುಂಬಯಿಯಲ್ಲಿ ಹೋಟೆಲ್ ನಡೆಸುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿರುವವರು ಊರಿನಲ್ಲಿ ಆಟ ಆಡಿಸುತ್ತಾರೆ. ಕರಾವಳಿಯ ಜನ ಊರು ಬಿಟ್ಟು ಹೋದದ್ದರಿಂದ ಯಕ್ಷಗಾನ ಸೊರಗಬೇಕಿತ್ತು ಎಂದು ಯಾರಿಗಾದರೂ ತೋರಬಹುದು. ನಡೆದದ್ದು ಬೇರೆಯೇ. ಹೋದವರ ಸಂಪಾದನೆ ಹರಕೆಯ ರೂಪದಲ್ಲಿ ತಿರುಗಿ ಬಂದು, ಮೇಳಗಳ ಸಂಖ್ಯೆಯನ್ನೇ ಹೆಚ್ಚಿಸಿತು. ಸಾಂಪ್ರದಾಯಿಕ ಕಲೆ ಒಂದು ಕಡೆ, ಆಧುನಿಕ ಆರ್ಥಿಕತೆ ಇನ್ನೊಂದು ಕಡೆ ಎಂದು ಗೆರೆ ಎಳೆದು ಯೋಚಿಸುವವರಿಗೆ ಇದು ಅರ್ಥವಾಗುವುದು ಕಷ್ಟ.

ಹರಕೆಯ ಹಣಕ್ಕೆ ವಿಚಿತ್ರವಾದ ಒಂದು ಗುಣವಿದೆ. ಹಣ ಕೊಟ್ಟವರು ತಮ್ಮ ರಂಜನೆಗಾಗಿ ಕೊಟ್ಟಿರುವುದಿಲ್ಲ. ಆಟ ದೇವಿಗೆ ಸಲ್ಲಬೇಕು, ಅಷ್ಟೇ. ನಡುರಾತ್ರಿ ಎರಡು ಗಂಟೆಗೆ ಚಪ್ಪರದಲ್ಲಿ ನೂರು ಜನ ಇದ್ದರೂ ಹತ್ತು ಜನ ಇದ್ದರೂ ಆಟ ನಿಲ್ಲುವುದಿಲ್ಲ, ಸಂಬಳ ಕಡಿಮೆಯಾಗುವುದಿಲ್ಲ. ಇದರಿಂದ ಕಲಾವಿದನಿಗೆ ಒಂದು ಬಗೆಯ ಭದ್ರತೆ ಸಿಕ್ಕಿದೆ. ಅದೇ ಹೊತ್ತಿಗೆ ಹೊಸದನ್ನು ಮಾಡಬೇಕೆಂಬ ಒತ್ತಾಯವೂ ಇಲ್ಲ. ಬಹುಪಾಲು ಹರಕೆದಾರರು ಕೇಳುವುದು ದೇವಿಮಹಾತ್ಮೆ ಪ್ರಸಂಗವನ್ನೇ (ಪ್ರಸಂಗ ಎಂದರೆ ಆಟದ ಪದ್ಯರೂಪದ ಕಥೆ). ರಾತ್ರಿ ರಾತ್ರಿ ಅದೇ ಮಹಿಷಾಸುರ, ಅದೇ ಚಂಡ-ಮುಂಡರು. ಅದೇ ಪಾತ್ರವನ್ನು ಇಡೀ ತಿರುಗಾಟದಲ್ಲಿ (ಮೇಳ ಊರೂರು ಸುತ್ತುವ ಋತುವಿನಲ್ಲಿ) ಮಾಡುತ್ತಾ ಅದರ ತಳ ಮುಟ್ಟಿದ ಕಲಾವಿದರನ್ನೂ ನೋಡಿದ್ದೇನೆ, ಅದರಲ್ಲೇ ಬಳಲಿಹೋದವರನ್ನೂ ನೋಡಿದ್ದೇನೆ.

ಟಿಕೆಟ್ಟಿನ ಹಣದ ಸ್ವಭಾವವೇ ಬೇರೆ. ಸಾಲಿಗ್ರಾಮ, ಪೆರ್ಡೂರು ಮುಂತಾದ ಡೇರೆ ಮೇಳಗಳು ಬಯಲಿಗೆ ಬೇಲಿ ಹಾಕಿ, ಕುರ್ಚಿ ಇಟ್ಟು, ಟಿಕೆಟ್ ಮಾರಿ ಬೆಳೆದವು. ಅಂದಿನ ಕಲೆಕ್ಷನ್ ಚೆನ್ನಾಗಿರಬೇಕಾದರೆ ಜನರಿಗೆ ಮನೆಯಿಂದ ಹೊರಟು ಬರಲು ಒಂದು ಕಾರಣ ಬೇಕು. ಹಾಗಾಗಿ ಪ್ರತಿ ತಿರುಗಾಟಕ್ಕೂ ಹೊಸ ಪ್ರಸಂಗಗಳು ಬಂದವು. ಪುರಾಣದ ಆಧಾರವಿಲ್ಲದ ಕಾಲ್ಪನಿಕ ಕಥೆಗಳು ಬಂದವು, ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿಯಲ್ಲಿ ತುಳು ಪ್ರಸಂಗಗಳು ಬಂದವು. ಇದೆಲ್ಲ ಕಲಬೆರಕೆ ಎಂದು ಹಿರಿಯರು ಅನೇಕರು ಬೇಸರಪಟ್ಟರು. ಅವರ ಬೇಸರದಲ್ಲಿ ಅರ್ಧ ಸತ್ಯವಿತ್ತು. ಸಿನಿಮಾದ ಕಥೆಯನ್ನೇ ಎತ್ತಿ ಕಿರೀಟ ತೊಡಿಸಿದ ಪ್ರಸಂಗಗಳು ಒಂದು ವರ್ಷವೂ ಬಾಳಲಿಲ್ಲ.

ಆದರೆ ಗುಂಡ್ಮಿ ಕಾಳಿಂಗ ನಾವಡರನ್ನು ನೆನೆಯಿರಿ. 1958ರಲ್ಲಿ ಹುಟ್ಟಿ 1990ರಲ್ಲಿ, ಇನ್ನೂ ಮೂವತ್ತೆರಡು ತುಂಬುವ ಮೊದಲೇ ಅಪಘಾತದಲ್ಲಿ ತೀರಿಕೊಂಡ ಭಾಗವತರು, ಅಂದರೆ ಹಾಡುತ್ತಾ ಆಟ ನಡೆಸುವವರು. ಅಲ್ಲಿಯವರೆಗೆ ಜನ ವೇಷಧಾರಿಯ ಹೆಸರು ಕೇಳಿ ಡೇರೆಗೆ ಬರುತ್ತಿದ್ದರು. ನಾವಡರ ಕಾಲದಲ್ಲಿ ಹಾಡು ಕೇಳಲೆಂದೇ ಬರತೊಡಗಿದರು. ಅವರೇ ಬರೆದ ನಾಗಶ್ರೀ ಪ್ರಸಂಗ ಡೇರೆಯನ್ನು ತುಂಬಿಸಿತು. ಹೊಸ ರಾಗಗಳನ್ನು ಅವರು ಬಡಗುತಿಟ್ಟು ಎಂಬ ಉತ್ತರದ ಶೈಲಿಯ ಜಾಡಿಗೆ ಒಗ್ಗಿಸಿದ ರೀತಿಯನ್ನು ಇಂದಿನ ಭಾಗವತರು ಈಗಲೂ ಹಿಂಬಾಲಿಸುತ್ತಾರೆ. ಟಿಕೆಟ್ ಕೊಂಡು ಬರುವ ಪ್ರೇಕ್ಷಕ ಇಲ್ಲದಿದ್ದರೆ ಆ ಧೈರ್ಯಕ್ಕೆ ಅಷ್ಟು ದೊಡ್ಡ ವೇದಿಕೆ ಸಿಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಮಾರುಕಟ್ಟೆಯನ್ನು ಸುಮ್ಮನೆ ಬೈಯುವವರು ಈ ಅಧ್ಯಾಯವನ್ನು ದಾಟಿಹೋಗಬಾರದು.

ಇನ್ನು ನಿಮ್ಮ ಶಾಸ್ತ್ರದ ಒಂದು ವಿಚಾರಕ್ಕೆ ಬರುತ್ತೇನೆ. ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ರಂಗಕಲೆಗಳ ಲೆಕ್ಕಾಚಾರವನ್ನು ಪರಿಶೀಲಿಸಿದರು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕೆಲಸಗಾರನ ಉತ್ಪಾದನೆ ಏರುತ್ತದೆ, ಕೂಲಿಯೂ ಏರುತ್ತದೆ. ನಾಲ್ವರು ವಾದಕರ ಸಂಗೀತಕ್ಕೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಈಗಲೂ ನಾಲ್ವರೇ ಬೇಕು. ಆದರೆ ಅವರೂ ಇಂದಿನ ಬೆಲೆಯಲ್ಲೇ ಅಕ್ಕಿ ಕೊಳ್ಳಬೇಕಾದ್ದರಿಂದ ಆ ಸಂಗೀತ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತಲೇ ಹೋಗುತ್ತದೆ. ಯಕ್ಷಗಾನಕ್ಕೆ ಇದು ಅಕ್ಷರಶಃ ಒಪ್ಪುತ್ತದೆ. ಭಾಗವತ, ಮದ್ದಳೆ, ಚೆಂಡೆ, ಮುಮ್ಮೇಳದ (ಕುಣಿದು ಮಾತಾಡುವವರ) ವೇಷಗಳು, ಚೌಕಿಯ (ಬಣ್ಣ ಹಚ್ಚುವ ಕೋಣೆಯ) ಸಹಾಯಕರು, ಅಡುಗೆಯವರು, ಚಾಲಕರು, ಇವರಲ್ಲಿ ಯಾರನ್ನು ಬಿಡುತ್ತೀರಿ? ಚಕ್ರವ್ಯೂಹಕ್ಕೆ ಬೇಕಾದಷ್ಟು ಕೌರವರು ಬೇಕೇ ಬೇಕು. ಜನರನ್ನು ಕಡಿಮೆ ಮಾಡಲಾಗದಾಗ ಕಡಿಮೆ ಮಾಡಲು ಸಿಗುವುದು ಹೊತ್ತು ಮಾತ್ರ.

ಕಾಲಮಿತಿ ಪ್ರದರ್ಶನದ, ಅಂದರೆ ಗೊತ್ತಾದ ಹೊತ್ತಿಗೆ ಮುಗಿಸುವ ಆಟದ, ಹಿಂದೆ ಈ ಒತ್ತಡವೂ ಇದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸಬಾರದೆಂಬ ನಿಯಮ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು, ಸಂಜೆಯ ಆಟಕ್ಕೆ ಕುಟುಂಬ ಸಮೇತ ಬರುವವರು, ಎಲ್ಲ ಸೇರಿ ಇಡೀ ರಾತ್ರಿಯ ಆಟ ಹಲವು ಮೇಳಗಳಲ್ಲಿ ಐದಾರು ಗಂಟೆಗೆ ಇಳಿಯಿತು. ನಗರಗಳ ಸಭಾಂಗಣಗಳಲ್ಲಂತೂ ಎರಡೂವರೆ, ಮೂರು ಗಂಟೆ. 2022ರಲ್ಲಿ ಕಟೀಲು ಮೇಳಗಳನ್ನು ಕಾಲಮಿತಿಗೆ ತಂದಾಗ ಭಕ್ತರು ಪಾದಯಾತ್ರೆ ಮಾಡಿ ವಿರೋಧಿಸಿದರು. ಹೊರಗಿನವರಿಗೆ ಇದು ಬರಿಯ ಹಟವಾಗಿ ಕಂಡಿರಬಹುದು. ಅವರು ಏನನ್ನು ಉಳಿಸಿಕೊಳ್ಳಲು ಹೊರಟಿದ್ದರು ಎಂಬುದನ್ನು ನಾನು ನನ್ನ ದೃಷ್ಟಿಯಿಂದ ಹೇಳುತ್ತೇನೆ. ನನ್ನ ಉತ್ತರದ ಮುಖ್ಯ ಭಾಗವೇ ಇದು.

ಇಡೀ ರಾತ್ರಿಯ ಆಟದ ಒಳಗೆ ಒಂದು ಶಾಲೆ ಇತ್ತು. ಆಟ ಶುರುವಾಗುವುದು ಪೂರ್ವರಂಗದಿಂದ, ಅಂದರೆ ಪ್ರಸಂಗಕ್ಕೆ ಮುಂಚಿನ ಕುಣಿತಗಳಿಂದ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಕೋಡಂಗಿಯಾಗಿ ಕುಣಿಯುತ್ತಾರೆ. ಸ್ವಲ್ಪ ಪಳಗಿದವರು ಬಾಲಗೋಪಾಲರಾಗುತ್ತಾರೆ. ಆಮೇಲೆ ಸ್ತ್ರೀವೇಷ, ಪುಂಡುವೇಷ (ಚುರುಕಾಗಿ ಕುಣಿಯುವ ತರುಣ ವೀರನ ಪಾತ್ರ), ವರ್ಷಗಳು ಕಳೆದ ಮೇಲೆ ರಾಜವೇಷ. ಪೂರ್ವರಂಗದ ಹೊತ್ತಿಗೆ ಹಾಡುವವರು ಮುಖ್ಯ ಭಾಗವತರಲ್ಲ. ಇನ್ನೂ ಕಲಿಯುತ್ತಿರುವ ‘ಸಂಗೀತಗಾರ’. ಮದ್ದಳೆಗೂ ಹಾಗೆಯೇ, ಒತ್ತು ಮದ್ದಳೆಗಾರ, ಅಂದರೆ ಸಹಾಯಕ ವಾದಕ, ಕುಳಿತಿರುತ್ತಾನೆ. ಹುಡುಗನ ಹೆಜ್ಜೆ ತಪ್ಪಿದರೆ ಪ್ರೇಕ್ಷಕರು ಸಿಟ್ಟಾಗುವುದಿಲ್ಲ, ಏಕೆಂದರೆ ಅವರು ಆಗಷ್ಟೇ ಊಟ ಮುಗಿಸಿ ಬಂದು ಚಾಪೆ ಹಾಸುತ್ತಿರುತ್ತಾರೆ. ಹೀಗೆ ಒಂದು ತಿರುಗಾಟ, ಅಂದರೆ ನವೆಂಬರಿನಿಂದ ಮೇ ತಿಂಗಳ ಪತ್ತನಾಜೆಯವರೆಗೆ (ತಿರುಗಾಟ ಮುಗಿಯುವ ದಿನ), ಒಬ್ಬ ಹುಡುಗ ಸಂಬಳ ಪಡೆಯುತ್ತಾ ಜನರ ಎದುರಿನಲ್ಲೇ ಕಲಿಯುತ್ತಾನೆ. ಮುಖ್ಯ ಭಾಗವತರು ಬಂದ ಮೇಲೆ ಅದೇ ಹುಡುಗ ಚೌಕಿಯಿಂದ ಇಣುಕಿ ಹಿರಿಯರ ಅರ್ಥಗಾರಿಕೆಯನ್ನು ಕೇಳುತ್ತಾನೆ. ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ. ಪದ್ಯ ಮಾತ್ರ ಪ್ರಸಂಗದಲ್ಲಿರುತ್ತದೆ, ಅರ್ಥವನ್ನು ಅಂದಿನ ರಾತ್ರಿ ಅಲ್ಲಿಯೇ ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಮಾತು ಎದುರಾಳಿಯ ಮಾತಿಗೆ ತಕ್ಕಂತೆ ಪ್ರತಿ ಸಲವೂ ಬೇರೆ ದಿಕ್ಕಿಗೆ ಹೊರಳುತ್ತಿತ್ತು. ಇಂಥ ಸೃಜನಶೀಲತೆ ಎರಡು ವಾರದ ಕಾರ್ಯಾಗಾರದಲ್ಲಿ ಬರುವುದಿಲ್ಲ. ಸಾವಿರ ರಾತ್ರಿಗಳು ಕಿವಿಯಲ್ಲಿ ಇಳಿದಿರಬೇಕು.

ಹರಕೆದಾರನಿಗೆ ತಾನು ಈ ಶಾಲೆಯ ಶುಲ್ಕ ಕಟ್ಟುತ್ತಿದ್ದೇನೆಂದು ಗೊತ್ತಿರಲಿಲ್ಲ. ಅವನು ಕೊಂಡದ್ದು ಇಡೀ ರಾತ್ರಿಯನ್ನು. ಅದರೊಳಗೆ ಕಲಿಕೆಯ ಹೊತ್ತೂ ಸೇರಿತ್ತು. ಆಟವನ್ನು ಮೂರು ಗಂಟೆಗೆ ಇಳಿಸಿದರೆ ಮೊದಲು ಹೋಗುವುದು ಪೂರ್ವರಂಗ. ಅದರ ಹಿಂದೆ ರಾಕ್ಷಸ ಪಾತ್ರಗಳ ಬಣ್ಣದ ವೇಷವೂ ಸೊರಗುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ (ಮುಖದ ಮೇಲಿನ ಬಿಳಿಯ ಮುಳ್ಳಿನಂಥ ಅಲಂಕಾರ) ಇಡಲು ಗಂಟೆಗಟ್ಟಲೆ ಬೇಕು. ರಂಗದಲ್ಲಿ ಹತ್ತು ನಿಮಿಷವಷ್ಟೇ ಸಿಗುವುದಾದರೆ ಆ ಗಂಟೆಗಳನ್ನು ಯಾರು ಕೊಟ್ಟಾರು? ಟಿಕೆಟ್ ಕೊಂಡು ಮೂರು ಗಂಟೆಯ ಪ್ರದರ್ಶನಕ್ಕೆ ಬಂದವರು ಪಳಗಿದ ಕಲಾವಿದರನ್ನೇ ನೋಡಬಯಸುತ್ತಾರೆ. ಅದು ನ್ಯಾಯವಾದ ಅಪೇಕ್ಷೆಯೇ. ಆದರೆ ಆ ಪಳಗಿದವರೆಲ್ಲ ಉದ್ದ ರಾತ್ರಿಗಳಲ್ಲಿ ತಯಾರಾದವರು. ಇಂದಿನ ಮಾರುಕಟ್ಟೆ ಹಿಂದಿನ ವ್ಯವಸ್ಥೆ ಬೆಳೆಸಿಕೊಟ್ಟವರನ್ನು ಬಳಸುತ್ತಿದೆ. ಮುಂದಿನವರನ್ನು ಬೆಳೆಸುವ ಖರ್ಚು ಯಾರ ಲೆಕ್ಕದಲ್ಲೂ ಕಾಣುತ್ತಿಲ್ಲ. ವಿಶ್ವಸಂಸ್ಥೆ 2021ನ್ನು ಸೃಜನಶೀಲ ಆರ್ಥಿಕತೆಯ ವರ್ಷವೆಂದು ಘೋಷಿಸಿದಾಗ ನಾನು ಸಂತೋಷಪಟ್ಟವನೇ. ಆದರೂ ಅಂಥ ಚರ್ಚೆಗಳಲ್ಲಿ ವಹಿವಾಟು, ರಫ್ತು, ಉದ್ಯೋಗಗಳ ಮಾತು ಎಷ್ಟು ಬರುತ್ತದೋ ಕೋಡಂಗಿ ವೇಷದ ಹುಡುಗನ ಮಾತು ಅಷ್ಟು ಬರುವುದಿಲ್ಲ.

ಉಡುಪಿಯ ಯಕ್ಷಗಾನ ಕೇಂದ್ರದಂಥ ಗುರುಕುಲಗಳು ಈ ಕೊರತೆಯನ್ನು ಸ್ವಲ್ಪ ತುಂಬುತ್ತಿವೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳವೂ ತರಬೇತಿಯನ್ನು ಕೈಬಿಟ್ಟಿಲ್ಲ. ಮಳೆಗಾಲದಲ್ಲಿ ಆದಾಯ ನಿಂತಾಗ, ಕಾಯಿಲೆಯಾದಾಗ ಕಲಾವಿದರ ಕೈ ಹಿಡಿಯಲು ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳಿವೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ತಿರುಗಾಟ ಅರ್ಧಕ್ಕೆ ನಿಂತಾಗ ಇಂಥ ನೆರವು ಎಷ್ಟು ಅಗತ್ಯ ಎಂಬುದು ಎಲ್ಲರಿಗೂ ತಿಳಿಯಿತು.

ಹಕ್ಕಿನ ವಿಷಯವನ್ನೂ ಹೇಳದೆ ಬಿಡಲಾರೆ. ಪರಂಪರೆಯೊಳಗೆ ಒಬ್ಬ ವ್ಯಕ್ತಿ ಸೇರಿಸಿದ್ದು ಯಾರದ್ದು? ಇದು ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಶ್ನೆ. ಶಿವರಾಮ ಕಾರಂತರು ಯಕ್ಷಗಾನವನ್ನು ಪರಿಷ್ಕರಿಸಿ ‘ಯಕ್ಷರಂಗ’ ಎಂಬ ರೂಪ ಕೊಟ್ಟಿದ್ದರು. ಅವರ ತರುವಾಯ, 2001ರಲ್ಲಿ ಮಣಿಪಾಲದ ಒಂದು ಸಂಸ್ಥೆ ಅಭಿಮನ್ಯು ವಧೆಯನ್ನು ದೆಹಲಿಯಲ್ಲಿ ಪ್ರದರ್ಶಿಸಿದಾಗ, ಕಾರಂತರ ಉಯಿಲಿನಿಂದ ಹಕ್ಕು ಪಡೆದವರು ದಾವೆ ಹೂಡಿದರು. 2009ರಲ್ಲಿ ತೀರ್ಪು ಬಂತು. ಕಾರಂತರು ರೂಪಿಸಿದ ರೀತಿಗೆ ಕೃತಿಸ್ವಾಮ್ಯವಿದೆ ಎಂಬ ತೀರ್ಮಾನ ಉಳಿಯಿತು. ಜೊತೆಗೆ ಕಾಯ್ದೆಯೇ ಕೊಟ್ಟಿರುವ ವಿನಾಯಿತಿಗಳು, ಉದಾಹರಣೆಗೆ ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ನಡೆಯುವ ಪ್ರದರ್ಶನ, ಅನ್ವಯಿಸುತ್ತವೆ ಎಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಯಕ್ಷಗಾನ ಎಲ್ಲರದ್ದು, ಆದರೆ ಅದರೊಳಗಿನ ಒಂದು ನಿರ್ದಿಷ್ಟ ರಚನೆ ಒಬ್ಬರದ್ದಾಗಿರಬಹುದು ಎಂಬ ನಿಲುವು ನನಗೆ ಸರಿ ಎನ್ನಿಸುತ್ತದೆ.

ಇದಕ್ಕಿಂತ ತುರ್ತಿನ ಪ್ರಶ್ನೆ ಮೊಬೈಲ್ ಪರದೆಯದ್ದು. ಇಂದು ಬಹುತೇಕ ಆಟಗಳನ್ನು ಯಾರಾದರೂ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ದುಬೈಯಲ್ಲಿ ಕುಳಿತ ಹರಕೆದಾರ ತನ್ನ ಆಟವನ್ನು ನೇರವಾಗಿ ನೋಡುತ್ತಾನೆ, ಅದು ಬಹಳ ಒಳ್ಳೆಯದು. ಆದರೆ ಜಾಹೀರಾತಿನ ಹಣದಲ್ಲಿ ಭಾಗವತರಿಗೂ ವೇಷಧಾರಿಗೂ ಪಾಲು ಸಿಕ್ಕಿದ್ದನ್ನು ನಾನು ಕಂಡದ್ದು ಅಪರೂಪ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕನ ಹಕ್ಕು 1994ರ ತಿದ್ದುಪಡಿಯಿಂದಲೇ ಇದೆ, 2012ರಲ್ಲಿ ಅದನ್ನು ಇನ್ನಷ್ಟು ಬಲಪಡಿಸಲಾಗಿದೆ. ಕಲಾವಿದರಿಗೆ ಅದನ್ನು ಯಾರೂ ಕುಳಿತು ವಿವರಿಸಿಲ್ಲ. ಇನ್ನೊಂದು ತೊಂದರೆ ಎಂದರೆ, ಅರ್ಧ ನಿಮಿಷದ ತುಣುಕಿನಲ್ಲಿ ಮಿಂಚುವುದು ದಿಗಿಣ (ಹಾರಿ ಸುತ್ತುವ ಕುಣಿತ) ಮತ್ತು ಗಿರಕಿ. ಕರ್ಣನ ಸಂದಿಗ್ಧವನ್ನು ಇಪ್ಪತ್ತು ನಿಮಿಷ ಮಾತಿನಲ್ಲಿ ಬಿಡಿಸುವವನು ಆ ತುಣುಕಿಗೆ ಸಿಗುವುದಿಲ್ಲ. ಎಳೆಯ ಕಲಾವಿದರು ಯಾವುದರ ಅಭ್ಯಾಸಕ್ಕೆ ಹೆಚ್ಚು ಹೊತ್ತು ಕೊಡುತ್ತಿದ್ದಾರೆ ಎಂಬುದು ರಂಗಸ್ಥಳದಲ್ಲಿ ಈಗಾಗಲೇ ಕಾಣಿಸುತ್ತಿದೆ.

ನಿಮಗೆ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಇದನ್ನೇ ತೆಗೆದುಕೊಳ್ಳಿ. ಒಂದು ಹರಕೆ ಮೇಳ, ಒಂದು ಡೇರೆ ಮೇಳ, ನಗರದ ಒಂದು ತಂಡ, ಇವುಗಳ ಖರ್ಚಿನಲ್ಲಿ ಹದಿನೆಂಟರಿಂದ ಇಪ್ಪತ್ತೈದು ವಯಸ್ಸಿನ ಕಲಾವಿದರಿಗೆ ಎಷ್ಟು ಪಾಲು ಹೋಗುತ್ತದೆ, ಅವರು ರಂಗದ ಮೇಲೆ ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಮೇಳದ ಮೇನೇಜರರು ಮೊದಲು ಸಂಶಯಪಡುತ್ತಾರೆ, ಚೌಕಿಯಲ್ಲಿ ಚಹಾ ಕುಡಿದ ಮೇಲೆ ಹೇಳುತ್ತಾರೆ. ನಮ್ಮ ಸಂಘದ ಆಟಗಳಲ್ಲಿ ಚಿತ್ರೀಕರಣಕ್ಕೆ ಬರುವವರಿಂದ ಸಣ್ಣ ಮೊತ್ತ ಪಡೆದು, ಪೂರ್ವರಂಗವನ್ನು ಬಿಡದೆ ಆಡಿಸಲು, ಅದರಲ್ಲಿ ಕುಣಿಯುವ ಮಕ್ಕಳಿಗೆ ಗೆಜ್ಜೆ, ಬಸ್ಸಿನ ಖರ್ಚು ಕೊಡಲು ಬಳಸುತ್ತಿದ್ದೇವೆ. ಕೆಲವು ಚಾನೆಲ್‌ನವರು ಒಪ್ಪಿದರು, ಕೆಲವರು ಬರುವುದನ್ನೇ ಬಿಟ್ಟರು. ವೃತ್ತಿಮೇಳಗಳು ತಮ್ಮ ಒಪ್ಪಂದಗಳಲ್ಲಿ ಇಂಥದೊಂದು ಷರತ್ತನ್ನು ಸೇರಿಸಿದರೆ ಮೊತ್ತ ಸಣ್ಣದಾಗಿರುವುದಿಲ್ಲ. ಅದನ್ನು ಕಾನೂನಿನ ಭಾಷೆಯಲ್ಲಿ ಬರೆದುಕೊಡಬಲ್ಲವರು ನಿಮ್ಮ ಕಾಲೇಜಿನಲ್ಲಿದ್ದರೆ ದಯವಿಟ್ಟು ತಿಳಿಸಿ.